ಪರಪುರಪ್ರವೇಶ: ಕುಣಿತದ ಮಟ್ಟು ಮೈ ಬದಲಿಸಿದಾಗ

ಒಬ್ಬರು ಕಟ್ಟಿ, ಹಾಡಿ, ಪ್ರಸಿದ್ಧಿಗೆ ತಂದ ಗೀತವನ್ನು ಮತ್ತೊಬ್ಬರು ತಮ್ಮ ಕಂಠಕ್ಕೂ ತಮ್ಮ ವಾದ್ಯಗಳಿಗೂ ಹೊಂದಿಸಿಕೊಂಡು ಪುನಃ ಹಾಡಿದರೆ ಅದಕ್ಕೆ ಪಾಶ್ಚಾತ್ಯರು ಕವರ್ ಎಂದು ಹೆಸರಿಟ್ಟಿದ್ದಾರೆ. ಹೊದಿಕೆ ಎಂಬ ಅರ್ಥದ ಈ ಮಾತು ವಿಷಯಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಒಳ್ಳೆಯ ಮರುಹಾಡಿಕೆಯಲ್ಲಿ ಮೂಲದಲ್ಲಿ ಅದುವರೆಗೆ ಕೇಳಿಸದೆ ಇದ್ದುದು ಕೇಳಿಸತೊಡಗುತ್ತದೆ, ಹೊದಿಕೆ ತೆಗೆದಂತೆ. ಇಂಥ ಮರುಹಾಡಿಕೆಗಳಲ್ಲಿ ವಿಮರ್ಶಕನಿಗೆ ಹೆಚ್ಚು ತೊಡಕಿನದೂ ಹೆಚ್ಚು ಲಾಭದಾಯಕವೂ ಆದ ಬಗೆಯೆಂದರೆ ಒಂದು ಜಾತಿಯ ಸಂಗೀತದಿಂದ ಮತ್ತೊಂದು ಜಾತಿಗೆ ಹಾರುವಂಥದು: ನರ್ತನಶಾಲೆಗಾಗಿ ಯಂತ್ರಗಳ ಮೇಲೆ ಕಟ್ಟಿದ ವಿದ್ಯುನ್ಮಾನ ಗೀತವನ್ನು ಗಿಟಾರು ಡ್ರಮ್ಮುಗಳ ರಾಕ್ ವೃಂದವೊಂದು ತನ್ನದಾಗಿಸಿಕೊಳ್ಳುವುದು. ಹೊರನಾಡಿನ ನಮ್ಮ ಸಂಘಗಳ ವಾರ್ಷಿಕೋತ್ಸವದ ವೇದಿಕೆಗೆ ಗಿಟಾರು ಹಿಡಿದು ಬರುವ ಹುಡುಗರು ಇಂಥ ಗೀತಗಳನ್ನು ಆರಿಸಿಕೊಳ್ಳುವುದುಂಟು. ಆಗ ಮುಂದಿನ ಸಾಲಿನ ಹಿರಿಯರು ಇದು ಗದ್ದಲ, ಅದೂ ಎರವಲು ಗದ್ದಲ ಎನ್ನುತ್ತಾರೆ. ಹುಡುಗರು ಇದು ಹೊಸ ಸೃಷ್ಟಿ ಎನ್ನುತ್ತಾರೆ. ಎರಡೂ ತೀರ್ಪುಗಳೇ ಹೊರತು ವಿಮರ್ಶೆಯಲ್ಲ. ಕಾರ್ಯಕ್ರಮಪಟ್ಟಿಯಲ್ಲಿ ಇಂಥವಕ್ಕೆ ಎಡೆಯುಂಟೆ ಎಂದು ಕಾರ್ಯಕಾರಿ ಸಮಿತಿಗಳು ವಾದಕ್ಕಿಳಿಯುವ ಮುನ್ನ, ಎರವಲಿನ ಬೆಲೆಯನ್ನು ಅಳೆಯುವ ಅಳತೆಗೋಲು ನಮ್ಮಲ್ಲಿ ಏನುಂಟು ಎಂದು ನೋಡಿಕೊಳ್ಳುವುದು ಮೇಲು.

ಅಳತೆಗೋಲು ನಮ್ಮಲ್ಲಿ ಧಾರಾಳವಾಗಿಯೇ ಉಂಟು. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಗಳ ಪರಸ್ಪರ ಸಂವಾದವನ್ನು, ಎಂದರೆ ಒಬ್ಬನ ಕೃತಿ ಇನ್ನೊಬ್ಬನದನ್ನು ಹೋಲುವುದನ್ನು, ಮೂರಾಗಿ ವಿಂಗಡಿಸಿದನು: ಕನ್ನಡಿಯ ಬಿಂಬದಂತೆ, ಚಿತ್ರಪಟದಂತೆ, ಮೈಕಟ್ಟಿನಲ್ಲಿ ಹೋಲುವ ಇನ್ನೊಬ್ಬ ಮನುಷ್ಯನಂತೆ. ಮೊದಲನೆಯದಕ್ಕೆ ತನ್ನದೆಂಬ ಒಡಲಿಲ್ಲ. ಎರಡನೆಯದರ ಆತ್ಮ ತುಚ್ಛವಾದುದು. ಮೂರನೆಯದು ಮಾತ್ರ ಕವಿಗೆ ಗ್ರಾಹ್ಯ. ಆಮೇಲಿನ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇವಕ್ಕೆ ನಾಲ್ಕನೆಯದೊಂದನ್ನು ಸೇರಿಸಿ ಅದನ್ನು ಪರಪುರಪ್ರವೇಶಸದೃಶವೆಂದು ಕರೆದನು. ಪುರವೆಂದರೆ ಇಲ್ಲಿ ಒಡಲು. ಯೋಗಿಯು ತನ್ನ ದೇಹವನ್ನು ಬಿಟ್ಟು ಬೇರೊಂದನ್ನು ಹೊಗುವ ಸಿದ್ಧಿಯಿಂದ ಬಂದ ಹೆಸರು ಇದು. ಮೂಲವಸ್ತು ಒಂದೇ ಆಗಿದ್ದು ಅದರ ಪರಿಕರಬಂಧ ಮಾತ್ರ ಬಹುದೂರ ಸರಿದು ಬೇರೆಯಾಗಿರುವುದು ಇದರ ಲಕ್ಷಣ. ರಾಜಶೇಖರನು ಕಾವ್ಯವನ್ನು ಕುರಿತು ಹೇಳಿದನೆಂಬುದು ನಿಜ. ಆದರೆ ಯಂತ್ರದ ಗೀತ ಗಿಟಾರಿನ ಒಡಲನ್ನು ಹೊಗುವುದಕ್ಕೆ ಇದಕ್ಕಿಂತ ಹತ್ತಿರದ ಹೆಸರನ್ನು ಪಾಶ್ಚಾತ್ಯ ಸಂಗೀತವಿಮರ್ಶೆಯಲ್ಲಿ ನಾನು ಕಂಡಿಲ್ಲ. ಆ ಹೆಸರೇ ಪ್ರಶ್ನೆಯನ್ನೂ ಒಡ್ಡುತ್ತದೆ. ಹೊಸ ಒಡಲಲ್ಲಿ ಆಡುವ ಉಸಿರು ಯಾರದು? ಹಳೆಯ ಒಡಲನ್ನು ತೊರೆಯುವಾಗ ಏನನ್ನು ಬಿಟ್ಟು ಬರಬೇಕಾಯಿತು?

ಪಾಶ್ಚಾತ್ಯ ನಿದರ್ಶನವೊಂದನ್ನು ಮೊದಲು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ವೃಂದ ೧೯೮೩ರ ಮಾರ್ಚಿಯಲ್ಲಿ ಹೊರತಂದ ‘ಬ್ಲೂ ಮಂಡೇ’ ಎಂಬ ಗೀತ, ಹನ್ನೆರಡು ಅಂಗುಲದ ಧ್ವನಿಮುದ್ರಿಕೆಗಳಲ್ಲಿ ಅತ್ಯಧಿಕವಾಗಿ ಮಾರಾಟವಾದುದೆಂದು ಪ್ರಸಿದ್ಧವಾಗಿದೆ. ಏಳೂವರೆ ನಿಮಿಷದಷ್ಟು ಉದ್ದದ ಗೀತ. ಹಾಡುಗಾರನ ದನಿ ಕೇಳುವುದು ಸುಮಾರು ಎರಡು ನಿಮಿಷ ಕಳೆದ ಮೇಲೆ. ಅದುವರೆಗೆ ಓಬರ್‌ಹೈಮ್ ಕಂಪನಿಯ ಡಿ.ಎಂ.ಎಕ್ಸ್. ಎಂಬ ತಾಳಯಂತ್ರ ನಿಮಿಷಕ್ಕೆ ೧೩೦ರ ಗತಿಯಲ್ಲಿ ಬಡಿಯುತ್ತಿರುತ್ತದೆ. ಸಿಂಥಸೈಜರಿನ ತಗ್ಗುಸ್ವರಗಳು ಅದರ ಮೇಲೆ ಒಂದೊಂದಾಗಿ ಬಂದು ಕೂಡಿಕೊಳ್ಳುತ್ತವೆ. ಈ ವೃಂದ ಹುಟ್ಟಿದ ಬಗೆಯನ್ನು ನೆನೆಯದೆ ಗೀತವನ್ನು ಅರಿಯುವುದು ಕಷ್ಟ. ಜಾಯ್ ಡಿವಿಷನ್ ಎಂಬ ರಾಕ್ ವೃಂದದ ಹಾಡುಗಾರ ಇಯನ್ ಕರ್ಟಿಸ್ ೧೯೮೦ರ ಮೇ ತಿಂಗಳಲ್ಲಿ, ತನ್ನ ೨೩ನೆಯ ವಯಸ್ಸಿನಲ್ಲಿ, ತಾನೇ ಪ್ರಾಣ ಕಳೆದುಕೊಂಡನು. ಉಳಿದವರು ಬೇರೆ ಹೆಸರಿನಲ್ಲಿ ಮುಂದುವರಿದರು. ಮೆಲ್ಲಮೆಲ್ಲನೆ ಯಂತ್ರಗಳ ಕಡೆಗೆ ಸರಿದರು. ಕಛೇರಿ ಮುಗಿದ ಬಳಿಕ ಸಭಿಕರು ಮತ್ತೊಂದನ್ನು ಬೇಡಿದರೆ, ಗುಂಡಿಯೊತ್ತಿ ತಾವು ವೇದಿಕೆಯಿಂದ ಇಳಿದುಹೋಗಬೇಕು, ಯಂತ್ರ ತನಗೆ ತಾನೇ ನುಡಿದುಕೊಳ್ಳಬೇಕು ಎಂಬ ಎಣಿಕೆಯೂ ಈ ಗೀತದ ಹಿಂದೆ ಇತ್ತೆಂದು ಆ ವೃಂದದವರೇ ಹೇಳಿಕೊಂಡಿದ್ದಾರೆ. ಮನುಷ್ಯರು ಎದ್ದುಹೋದ ಮೇಲೂ ನಡೆಯುವ ಹಾಡು! ಸ್ವರಗಳನ್ನು ಯಂತ್ರಕ್ಕೆ ಉಣಿಸುವಾಗ ಗಿಲಿಯನ್ ಗಿಲ್ಬರ್ಟ್ ಕೈತಪ್ಪಿ ಒಂದು ಸ್ವರವನ್ನು ಬಿಟ್ಟುದರಿಂದ ಮೇಲಿನ ಮಟ್ಟು ತಾಳದಿಂದ ಕೊಂಚ ಜಾರಿಯೇ ನಡೆಯುತ್ತದೆಂದೂ ಆಕೆಯ ಮಾತಿದೆ. ಯಂತ್ರದ ನಿರ್ದೋಷ ನಡಿಗೆಯಲ್ಲಿ ಉಳಿದುಹೋದ ಈ ಮನುಷ್ಯಸಹಜವಾದ ತಪ್ಪು ಗೀತದ ಸೊಗಸುಗಳಲ್ಲಿ ಒಂದು.

ಇಷ್ಟಾದ ಮೇಲೆ ಹಾಡುಗಾರ ಬರ್ನಾರ್ಡ್ ಸಮ್ನರನ ದನಿ ಬರುತ್ತದೆ. ಅದರಲ್ಲಿ ಏರಿಳಿತವೇ ಇಲ್ಲ. ತನ್ನನ್ನು ನೋಯಿಸಿದವರನ್ನು ಕೇಳುವ ಮಾತುಗಳನ್ನು ಆತನು ಲೆಕ್ಕದ ಬಾಕಿಯನ್ನು ಓದಿ ಹೇಳುವ ಗುಮಾಸ್ತನಂತೆ ಒಪ್ಪಿಸುತ್ತಾನೆ. (ನನ್ನ ಕಸುಬಿನವರಿಗೆ ಆ ದನಿ ಚೆನ್ನಾಗಿ ಪರಿಚಿತವಾದುದು.) ದುಃಖವನ್ನು ಆತನು ಎಲ್ಲಿಯೂ ಬಾಯಿಬಿಟ್ಟು ಹಾಡುವುದಿಲ್ಲ. ಯಂತ್ರದ ನಿಷ್ಕರುಣೆಯ ನಡಿಗೆ, ಸಪ್ಪೆಯಾದ ಕಂಠ, ಕೆಳಗೆ ಪೀಟರ್ ಹುಕ್ಕನ ಬೇಸ್ ಗಿಟಾರಿನ ಎತ್ತರದ ತಂತಿಯ ಅಲೆ, ಇವು ಮೂರೂ ಕೂಡಿದಾಗ ದುಃಖ ತಾನಾಗಿ ಕೇಳುವವನ ಎದೆಯಲ್ಲಿ ಏಳುತ್ತದೆ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಶೋಕ ವ್ಯಂಗ್ಯ, ಎಂದರೆ ಸೂಚಿತ ಮಾತ್ರ, ವಾಚ್ಯವಲ್ಲ.

ಅಮೆರಿಕದ ಲಾಸ್ ಏಂಜಲೀಸಿನ ಆರ್ಜಿ ಎಂಬ ರಾಕ್ ವೃಂದ ೧೯೯೮ರ ತನ್ನ ಮೊದಲ ಸಂಪುಟದಲ್ಲಿ ಇದೇ ಗೀತವನ್ನು ಹಾಡಿತು. ಯುವಜನರಲ್ಲಿ ಬಹುವಾಗಿ ಹರಡಿತು. ಮಾತೂ ಮಟ್ಟೂ ಅವೇ. ಉದ್ದ ಮಾತ್ರ ಸುಮಾರು ನಾಲ್ಕೂವರೆ ನಿಮಿಷಕ್ಕೆ ಇಳಿದಿದೆ. ಆ ದೀರ್ಘ ನಿರೀಕ್ಷಣೆಗೆ ಅಲ್ಲಿ ಎಡೆಯಿಲ್ಲ. ಗಿಟಾರುಗಳು ಗರಗಸದಂತೆ ಕೊಯ್ಯುತ್ತವೆ. ಅಮೀರ್ ದೆರಖ್ ಎಂಬಾತನು ಗಿಟಾರಿನ ತಂತಿಯನ್ನು ಮೀಟಿ ಸಿಂಥಸೈಜರಿನ ನಾದವನ್ನು ಎಬ್ಬಿಸುವ ಉಪಾಯವನ್ನು ಬಲ್ಲವನು, ಆದುದರಿಂದ ಹಳೆಯ ಒಡಲಿನ ಛಾಯೆ ಪೂರ್ತಿ ಅಳಿಯುವುದಿಲ್ಲ. ತಗ್ಗಿನಲ್ಲಿ ಒರಟಾಗಿ ಉರುಳುವ ಆ ಗಿಟಾರಿನ ಅಲೆಗೆ ತನ್ನದೇ ಆದ ಗಾಂಭೀರ್ಯವುಂಟು. ಅದನ್ನು ಗದ್ದಲವೆನ್ನುವವರು ಕಿವಿಗೊಟ್ಟು ಕೇಳಿದವರಲ್ಲ. ಆದರೆ ಹಾಡುಗಾರ ಜೇ ಗಾರ್ಡನ್ ಮೂಲದಲ್ಲಿ ಅದುಮಿಟ್ಟಿದ್ದ ಕೋಪವನ್ನು ಹೊರಗೆಳೆದು ತೋರಿಸಿಬಿಡುತ್ತಾನೆ. ಪಿಸುಗುಟ್ಟುತ್ತಾನೆ, ಬುಸುಗುಟ್ಟುತ್ತಾನೆ, ಕೂಗುತ್ತಾನೆ. ತಾನು ನೊಂದಿರುವೆನೆಂಬುದರಲ್ಲಿ ಕೇಳುವವನಿಗೆ ಯಾವ ಸಂದೇಹವನ್ನೂ ಉಳಿಸುವುದಿಲ್ಲ. ವ್ಯಂಗ್ಯವಾಗಿದ್ದುದು ವಾಚ್ಯವಾಯಿತು, ಇದೇ ಈ ಮರುಹಾಡಿಕೆಯ ನಷ್ಟ. ಇನ್ನೂ ಒಂದು ವಿಷಯ ಗಮನಾರ್ಹ. ನ್ಯೂ ಆರ್ಡರಿನವರು ರಾಕ್ ಸಂಗೀತದ ಮೈಯನ್ನು ಬಿಟ್ಟು ಯಂತ್ರದ ಮೈಯನ್ನು ಹೊಕ್ಕವರು. ಗೀತದ ಅರ್ಥ ಅರ್ಧಪಾಲು ಆ ಬಿಡುವಿಕೆಯಲ್ಲಿಯೇ ಇದೆ. ಅದನ್ನು ಮರಳಿ ರಾಕಿಗೆ ತರುವವನು, ಮನೆ ತೊರೆದು ಹೋದವನ ಕಥೆಯನ್ನು ಆ ಮನೆಯ ಪಡಸಾಲೆಯಲ್ಲಿ ಕುಳಿತು ಹೇಳಿದಂತೆ ಆಗುತ್ತದೆ. ಆನಂದವರ್ಧನನ ಕ್ರಮದಲ್ಲಿ ಇದನ್ನು ಚಿತ್ರಪಟದ ಸಾಲಿಗೆ ಸೇರಿಸಲು ನಾನು ಹಿಂಜರಿಯುವುದಿಲ್ಲ: ಬಣ್ಣ ಹೆಚ್ಚು, ಉಸಿರು ಕಡಿಮೆ.

ಹಾಗಾದರೆ ಯಂತ್ರದ ಗೀತವನ್ನು ಗಿಟಾರಿಗೆ ತರಲು ಬಾರದೆ? ಬರುತ್ತದೆ. ಜರ್ಮನಿಯ ಕ್ರಾಫ್ಟ್‌ವೆರ್ಕ್ ವೃಂದದ ೧೯೭೮ರ ‘ದ ಮಾಡೆಲ್’ ಗೀತವನ್ನು ಷಿಕಾಗೋದ ಬಿಗ್ ಬ್ಲ್ಯಾಕ್ ವೃಂದ ೧೯೮೭ರಲ್ಲಿ ಮರುಹಾಡಿತು. ಸ್ಟೀವ್ ಆಲ್ಬಿನಿಯ ಈ ವೃಂದದಲ್ಲಿ ಡ್ರಮ್ ಬಾರಿಸುವ ಮನುಷ್ಯನೇ ಇರಲಿಲ್ಲ. ಯಂತ್ರವೊಂದು ಆ ಕೆಲಸವನ್ನು ಮಾಡುತ್ತಿದ್ದಿತು, ಅದನ್ನು ತಯಾರಿಸಿದ ಕಂಪನಿಯ ಹೆಸರಿನಿಂದ ರೋಲಂಡ್ ಎಂದು ಅದಕ್ಕೆ ವಾದಕರ ಪಟ್ಟಿಯಲ್ಲಿ ಸ್ಥಾನವನ್ನೂ ಕೊಟ್ಟಿದ್ದರು. ಗಿಟಾರುಗಳು ತಗಡು ಕೊರೆದಂತೆ ಕಿರುಚಿದರೂ ತಾಳದ ನಿರ್ವಿಕಾರತೆ ಅಲ್ಲಿ ಉಳಿಯಿತು. ರೂಪದರ್ಶಿಯೊಬ್ಬಳನ್ನು ಕಂಡು ಹಣ, ಪ್ರದರ್ಶನ, ಆಸೆಗಳನ್ನು ತಣ್ಣಗೆ ಹೇಳುವ ಮೂಲದ ಮಾತುಗಳು ಇಲ್ಲಿ ಇನ್ನೂ ಕ್ರೂರವಾಗಿ ಕೇಳಿಸುತ್ತವೆ. ಏಕೆಂದರೆ ತಣ್ಪು ತಾಳದಲ್ಲಿದೆ, ಉರಿ ತಂತಿಯಲ್ಲಿದೆ, ಎರಡಕ್ಕೂ ರಾಜಿಯಾಗಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂಬುದು ಈ ವೃಂದಕ್ಕೆ ತಿಳಿದಿತ್ತು.

ಇದು ಯಂತ್ರಯುಗಕ್ಕೆ ಮಾತ್ರ ಸಂಬಂಧಿಸಿದ ವಿಚಾರವೆಂದು ವಾಚಕರು ಭಾವಿಸಬಾರದು. ಒಂದು ಜನದ ಕುಣಿತದ ಮಟ್ಟನ್ನು ಇನ್ನೊಂದು ಜನದ ಗಂಭೀರ ಸಂಗೀತ ಎತ್ತಿಕೊಂಡ ದೊಡ್ಡ ಪ್ರಸಂಗವೊಂದು, ನಾನು ವಾಸವಾಗಿರುವ ತಿರುವೊಟ್ಟಿಯೂರಿನ ಮಗ್ಗುಲಲ್ಲಿ, ಇನ್ನೂರು ವರ್ಷಗಳ ಹಿಂದೆಯೇ ನಡೆದುಹೋಗಿದೆ. ಕನ್ನಡಿಗರಿಗೆ ಈ ಊರು ತೀರ ಹೊರಗಿನದಲ್ಲ. ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನಿತ್ತ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಇಪ್ಪತ್ತನೆಯ ಆಳ್ವಿಕೆಯ ವರ್ಷದ ಶಾಸನ ಇಲ್ಲಿಯ ದೇವಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ತನ್ನೊಡೆಯ ಚೋಳ ರಾಜಾದಿತ್ಯನೊಂದಿಗೆ ತಾನೂ ಮಡಿಯಲಾಗಲಿಲ್ಲವೆಂದು ಮರುಗಿ ಸಂನ್ಯಾಸಿಯಾದ ಕೇರಳದ ವೀರನೊಬ್ಬನು ಚತುರಾನನ ಪಂಡಿತನೆಂಬ ಹೆಸರಿನಿಂದ ಇಲ್ಲಿಯ ಮಠಾಧಿಪತಿಯಾದ ವೃತ್ತಾಂತವನ್ನು ಅದು ಹೇಳುತ್ತದೆ. ಸಂಗೀತಜ್ಞರಿಗಂತೂ ಇದು ವೀಣೆ ಕುಪ್ಪಯ್ಯರ್ ಅವರ ಅತಿಥಿಯಾಗಿ ಬಂದ ತ್ಯಾಗರಾಜರು ತ್ರಿಪುರಸುಂದರಿಯನ್ನು ಕುರಿತು ಐದು ಕೃತಿಗಳನ್ನು ರಚಿಸಿದ ಊರು. ಆದರೆ ನಮ್ಮ ಪ್ರಸಂಗ ನಡೆದದ್ದು ದೇವಾಲಯದಲ್ಲಿ ಅಲ್ಲ. ಊರಿಗೆ ಪಶ್ಚಿಮದಲ್ಲಿ, ಇಂದು ತೈಲ ಶುದ್ಧೀಕರಣದ ಕೊಳವೆಗಳೂ ರಸಗೊಬ್ಬರದ ಕಾರ್ಖಾನೆಯೂ ಆಕ್ರಮಿಸಿರುವ ಮಣಲಿಯಲ್ಲಿ.

ಮಣಲಿಯ ಮುದ್ದುಕೃಷ್ಣ ಮೊದಲಿಯಾರರ ಆಶ್ರಯಕ್ಕೆ ರಾಮಸ್ವಾಮಿ ದೀಕ್ಷಿತರು ತಿರುವಾರೂರಿನಿಂದ ಸಂಸಾರಸಮೇತರಾಗಿ ಬಂದುದು ಹದಿನೆಂಟನೆಯ ಶತಮಾನ ಮುಗಿಯುತ್ತಿದ್ದ ಕಾಲದಲ್ಲಿ. ಕನ್ನಡ ಮನೆತನದ ಗೋವಿಂದದೀಕ್ಷಿತನ ಮಗ ವೇಂಕಟಮಖಿಯ ಪದ್ಧತಿಯನ್ನು ಗುರುಪರಂಪರೆಯಿಂದ ಪಡೆದವರು ಅವರು. ಹಿರಿಯ ಮಗ ಮುದ್ದುಸ್ವಾಮಿ ದೀಕ್ಷಿತರು. ಕಿರಿಯರಲ್ಲಿ ಒಬ್ಬರು ಬಾಲುಸ್ವಾಮಿ ದೀಕ್ಷಿತರು. ಮೊದಲಿಯಾರರ ಮಗ ವೇಂಕಟಕೃಷ್ಣ ಮೊದಲಿಯಾರರು ಈಸ್ಟ್ ಇಂಡಿಯಾ ಕಂಪನಿಗೆ ದುಭಾಷಿಯಾಗಿದ್ದವರು. ಅವರು ಈ ತರುಣರನ್ನು ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ ಕರೆದೊಯ್ದು ಅಲ್ಲಿಯ ಯೂರೋಪಿಯನ್ ಬ್ಯಾಂಡನ್ನು ಕೇಳಿಸಿದರೆಂದು ದೀಕ್ಷಿತರ ಮನೆತನದಲ್ಲಿ ಉಳಿದುಬಂದ ವೃತ್ತಾಂತ. ಸೈನಿಕರ ನಡಿಗೆಗ, ಅಧಿಕಾರಿಗಳ ನರ್ತನಕೂಟಕ್ಕೆ, ಕುಡಿತದ ಕೂಟಕ್ಕೆ ಬಾರಿಸುತ್ತಿದ್ದ ಇಂಗ್ಲಿಷ್, ಸ್ಕಾಚ್, ಐರಿಷ್ ಮಟ್ಟುಗಳು ಅವು. ಅವಕ್ಕೆ ಮುದ್ದುಸ್ವಾಮಿ ದೀಕ್ಷಿತರು ಕಟ್ಟಿದ ಸಂಸ್ಕೃತ ಸಾಹಿತ್ಯವೇ ಇಂದು ಸುಮಾರು ನಲವತ್ತರಷ್ಟು ಉಳಿದುಬಂದಿರುವ ನೊಟ್ಟುಸ್ವರಗಳು. ಹೆಸರೇ ಸೊಗಸಾದುದು: ಇಂಗ್ಲಿಷಿನ ನೋಟಿಗೂ ಸಂಸ್ಕೃತದ ಸ್ವರಕ್ಕೂ ಅರ್ಥ ಒಂದೇ, ಎರಡನ್ನೂ ಜೋಡಿಸಿದ್ದಾರೆ, ನಮ್ಮ ಗೇಟುಬಾಗಿಲಿನಂತೆ.

‘ಶಕ್ತಿಸಹಿತ ಗಣಪತಿಂ’ ಎಂದು ನಮ್ಮ ಮಕ್ಕಳು ಕಲಿಯುವ ಗೀತದ ಮಟ್ಟು, ಕುಮಾರಿ, ನನ್ನೊಡನೆ ಕುಣಿಯುವಿರಾ ಎಂದು ಕೇಳುವ ಫ್ರೆಂಚ್ ಹಾಡಿನದೆಂದು ಸಂಶೋಧಕರು ಗುರುತಿಸಿದ್ದಾರೆ. ‘ವರಶಿವಬಾಲಂ’ ಎಂಬುದು ‘ಕ್ಯಾಸ್ಟಿಲಿಯನ್ ಮೇಡ್’. ‘ವಂದೇ ಮೀನಾಕ್ಷಿ’ ಎಂಬುದು ‘ಲಿಮರಿಕ್’. ‘ಕಮಲಾಸನವಂದಿತ’ ಎಂಬುದು ‘ಗ್ಯಾಲಪೀಡ್’ ಎಂಬ ಹಳ್ಳಿಗುಣಿತ. ‘ಜಗದೀಶ ಗುರುಗುಹ’ ಎಂಬುದು ‘ಲಾರ್ಡ್ ಮ್ಯಾಕ್ಡೊನಾಲ್ಡ್ಸ್ ರೀಲ್’. ಮೂಲ ಇಲ್ಲಿ ಅಡಗಿಹೋಗಿದೆ. ರಾಜಶೇಖರನು ಪರಪುರಪ್ರವೇಶವನ್ನು ನಿಹ್ನುತಯೋನಿ, ಎಂದರೆ ಹುಟ್ಟಿದ ತಾಣ ಮರೆಯಾದುದು, ಎಂಬ ವರ್ಗಕ್ಕೆ ಸೇರಿಸಿದುದು ಎಷ್ಟು ಉಚಿತ! ರಾಕ್ ವೃಂದಗಳಾದರೋ ಮೂಲದ ಹೆಸರನ್ನೇ ಮುಂದಿಟ್ಟು ಹಾಡುತ್ತವೆ.

ಈ ಗೀತಗಳಲ್ಲಿ ನಡೆದ ಕೆಲಸ ಎಂಥದೆಂದು ಒಂದರಲ್ಲಾದರೂ ಹತ್ತಿರದಿಂದ ನೋಡಬೇಕು. ‘ಸಂತತಂ ಪಾಹಿ ಮಾಂ’ ಎಂಬುದರ ಮಟ್ಟು ಬ್ರಿಟಿಷರ ರಾಷ್ಟ್ರಗೀತೆಯದು. ರಾಜಭಕ್ತಿಯ ಆ ಗೀತ ಕೂಡ ನಡಿಗೆಯಲ್ಲಿ ಗ್ಯಾಲಿಯರ್ಡ್ ಎಂಬ ಹಳೆಯ ಕುಣಿತದ ಜಾಡಿನದು. ಮೂರು ಮೂರು ಎಣಿಕೆಯ ಗತಿ. ಮೊದಲ ಆವರ್ತದಲ್ಲಿ ಸ ಸ ರಿ ಎಂಬ ಮೂರು ಸಮಸ್ವರಗಳು. ಅವಕ್ಕೆ ‘ಸಂತತಂ’ ಎಂಬ ಮೂರು ಅಕ್ಷರಗಳು ಒಂದೊಂದಾಗಿ ಕೂಡುತ್ತವೆ. ಎರಡನೆಯ ಆವರ್ತದಲ್ಲಿ ನಿಷಾದ ಒಂದೂವರೆ ಎಣಿಕೆ ನಿಲ್ಲುತ್ತದೆ, ಷಡ್ಜ ಅರ್ಧ ಎಣಿಕೆಯಲ್ಲಿ ಸರಿದುಹೋಗುತ್ತದೆ, ಬಳಿಕ ರಿಷಭ ಪೂರ್ಣ ಎಣಿಕೆಗೆ ಬರುತ್ತದೆ. ಅಲ್ಲಿ ‘ಪಾ’ ಎಂಬ ಗುರು, ‘ಹಿ’ ಎಂಬ ಲಘು, ‘ಮಾಂ’ ಎಂಬ ಗುರು! ಮ್ಲೇಚ್ಛ ಮಟ್ಟಿನ ಕುಂಟುನಡಿಗೆಗೆ ಸಂಸ್ಕೃತದ ಗುರುಲಘುಗಳು ಅಳೆದು ಹೊಲಿದಂತೆ ಕುಳಿತಿವೆ. ಇಂಗ್ಲಿಷ್ ಮೂಲದಲ್ಲಿ ಆ ಉದ್ದದ ಸ್ವರಕ್ಕೆ ಬೀಳುವುದು ದೊರೆಯ ವಿಶೇಷಣ. ದೀಕ್ಷಿತರಲ್ಲಿ ಅದೇ ಸ್ವರಕ್ಕೆ ಬೀಳುವುದು ಕಾಪಾಡು ಎಂಬ ಧಾತು. ದೊರೆಯನ್ನು ಕಾಪಾಡೆಂದು ದೇವರನ್ನು ಕೇಳುತ್ತಿದ್ದ ಮಟ್ಟು ನನ್ನನ್ನು ಕಾಪಾಡೆಂದು ದೇವಿಯನ್ನು ಕೇಳತೊಡಗಿತು. ದೊರೆ ನಡುವಿನಿಂದ ಮಾಯವಾದನು. ಕಂಪನಿಯ ದುಭಾಷಿಯ ಆಶ್ರಯದಲ್ಲಿದ್ದ ಮನೆತನದ ವಾಗ್ಗೇಯಕಾರರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ಹೇಳಲು ಆಧಾರವಿಲ್ಲ, ಹೇಳಬೇಕಾದುದೂ ಇಲ್ಲ. ಕೃತಿಯಲ್ಲಿ ಆದದ್ದು ಅದು. ವಿಮರ್ಶಕನಿಗೆ ಅಷ್ಟು ಸಾಕು.

ಇನ್ನು ದೀಕ್ಷಿತರು ಬಿಟ್ಟುಕೊಟ್ಟುದೇನು? ಕರ್ಣಾಟಕ ಸಂಗೀತದ ವಾಗ್ಗೇಯಕಾರರಲ್ಲಿ ವಿಳಂಬಕಾಲದ ಗಾಂಭೀರ್ಯಕ್ಕೂ ಗಮಕದ ಸಾಂದ್ರತೆಗೂ ದೀಕ್ಷಿತರನ್ನು ಮೀರಿದವರಿಲ್ಲ. ಅವರ ಕೃತಿಗಳಲ್ಲಿ ಸ್ವರವೊಂದು ಇನ್ನೊಂದಕ್ಕೆ ಸೇರುವುದು ವೀಣೆಯ ತಂತಿಯನ್ನೆಳೆದಂತೆ, ಅಂಚು ಕಾಣದಂತೆ. ಅಂಥವರು ನೊಟ್ಟುಸ್ವರದಲ್ಲಿ ಆ ಐಶ್ವರ್ಯವನ್ನೆಲ್ಲ ಕೋಟೆಯ ಬಾಗಿಲಲ್ಲೇ ಇಟ್ಟು ಒಳಹೊಕ್ಕರು. ಎಲ್ಲವೂ ಶಂಕರಾಭರಣದ ಸ್ವರಗಳೇ. ಆದರೆ ಶಂಕರಾಭರಣ ರಾಗವಾಗಲು ಬೇಕಾದ ಕಂಪಿತವೂ ಜಾರುವೂ ಅಲ್ಲಿಲ್ಲ. ಸ್ವರಗಳು ಬೇರೆಬೇರೆಯಾಗಿ, ಕೊಳಲಿನ ರಂಧ್ರದಿಂದ ಹಾರಿದ ಕಾಳುಗಳಂತೆ ಉದುರುತ್ತವೆ. ಪರಕೀಯ ಮಟ್ಟನ್ನು ರಾಗವನ್ನಾಗಿ ಪಳಗಿಸುವುದು ಅವರಿಗೆ ಎಡಗೈಯ ಕೆಲಸವಾಗಿದ್ದೀತು. ಪಳಗಿಸಲಿಲ್ಲ. ಮಟ್ಟಿನ ಮೈ ಪರಕೀಯವಾಗಿಯೇ ಉಳಿಯಿತು. ಒಳಗೆ ಹೊಕ್ಕ ಉಸಿರು ಮಾತ್ರ ಅವರದು. ಬ್ಯಾಂಕಿನಲ್ಲಿ ಸಾಲವನ್ನು ಮಂಜೂರು ಮಾಡುವಾಗ ಸಾಲಗಾರನು ತನ್ನ ಸ್ವಂತ ಪಾಲೆಂದು ಎಷ್ಟನ್ನು ಹಾಕುತ್ತಾನೆಂದು ನೋಡುತ್ತೇವೆ. ದೀಕ್ಷಿತರು ಹಾಕಿದ ಪಾಲು ಸಾಹಿತ್ಯ ಮಾತ್ರ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ತನ್ನಲ್ಲಿ ಇರುವುದನ್ನು ಹಾಕದೆ ತಡೆದುಕೊಂಡ ಸಂಯಮವೂ ಒಂದು ಪಾಲಲ್ಲವೆ? ಆರ್ಜಿ ವೃಂದದಲ್ಲಿ ನಾನು ಕಾಣದೆಹೋದುದು ಇದನ್ನೇ.

ಅದೇ ಮನೆಯಲ್ಲಿ ಇದಕ್ಕೆ ವಿಲೋಮವಾದ ಇನ್ನೊಂದು ಪರಪುರಪ್ರವೇಶವೂ ನಡೆಯಿತು. ತಮ್ಮ ಬಾಲುಸ್ವಾಮಿ ದೀಕ್ಷಿತರು ಯೂರೋಪಿಯನ್ ವಾದಕನೊಬ್ಬನಲ್ಲಿ ಪಿಟೀಲನ್ನು ಕಲಿತು ಅದನ್ನು ಕರ್ಣಾಟಕ ಸಂಗೀತಕ್ಕೆ ತಂದರು. ಮುಂದೆ ಎಟ್ಟಯಾಪುರದ ಆಸ್ಥಾನದಲ್ಲಿ ಮಾನ್ಯರಾದರು. ಅಣ್ಣನು ಮಟ್ಟನ್ನು ಎತ್ತಿಕೊಂಡು ವಾದ್ಯವನ್ನು ಕೋಟೆಯಲ್ಲೇ ಬಿಟ್ಟನು. ತಮ್ಮನು ವಾದ್ಯವನ್ನು ಎತ್ತಿಕೊಂಡು ಮಟ್ಟನ್ನು ಬಿಟ್ಟನು. ಅಣ್ಣನು ಗಮಕವನ್ನು ತ್ಯಜಿಸಿದನು. ತಮ್ಮನ ದಾರಿಯಲ್ಲಿ ಗಮಕವನ್ನು ನುಡಿಸುವುದಕ್ಕಾಗಿ ಆ ವಾದ್ಯದ ತಂತಿಗಳನ್ನು ಷಡ್ಜಪಂಚಮಗಳಿಗೆ ಕೂಡಿಸಿ, ನಿಂತು ನುಡಿಸುವುದನ್ನು ಕುಳಿತು ನುಡಿಸುವಂತೆ ಮಾಡಿ, ಗಲ್ಲದ ಕೆಳಗಿದ್ದುದರ ತುದಿಯನ್ನು ಕಾಲ ಹರಡಿನ ಮೇಲೆ ಊರಿಸುವ ಸಂಪ್ರದಾಯ ಬೆಳೆಯಿತು. ಒಂದೇ ಸೂರಿನಡಿ, ಒಂದೇ ಬ್ಯಾಂಡನ್ನು ಕೇಳಿ ಬಂದ ಇಬ್ಬರು ಅದನ್ನು ಇಷ್ಟು ಭಿನ್ನವಾಗಿ ಪಾಲು ಹಂಚಿಕೊಂಡ ನಿದರ್ಶನ ಸಂಗೀತದ ಇತಿಹಾಸದಲ್ಲಿ ಬೇರೊಂದುಂಟೋ ಏನೋ. ಚರಿತ್ರಕಾರರು ಪಿಟೀಲನ್ನು ಕುರಿತು ಪುಟಗಟ್ಟಲೆ ಬರೆದು ನೊಟ್ಟುಸ್ವರವನ್ನು ಮಕ್ಕಳ ಪಾಠವೆಂದು ಎರಡು ಸಾಲಿನಲ್ಲಿ ಮುಗಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಪಿಟೀಲಿನಿಂದ ನಮ್ಮ ಸಂಗೀತಕ್ಕೆ ಬಂದ ಲಾಭ ಕಣ್ಣಿಗೆ ಕಾಣುವಂಥದು. ಪರಕೀಯವಾದುದನ್ನು ಪರಕೀಯವಾಗಿಯೇ ಗೌರವಿಸುವ ಪಾಠ ಹಾಗೆ ಕಾಣುವುದಿಲ್ಲ, ಅಷ್ಟೆ.

ಕನ್ನಡದ ವಾಚಕರಿಗೆ ಈ ಎರಡು ದಾರಿಗಳ ಅರಿವು ಕಾವ್ಯದಲ್ಲಿ ಮೊದಲೇ ಉಂಟು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ೧೯೨೬ರಲ್ಲಿ ಪುಸ್ತಕವಾಗಿ ಬಂದಾಗ ಕ್ಯಾಂಬೆಲ್ಲನ ಲಾರ್ಡ್ ಅಲಿನ್ ಕಾರಿಹೆಗ್ಗಡೆಯಾಗಿದ್ದನು, ಸ್ಕಾಟ್ಲೆಂಡಿನ ಕಡಲು ನಮ್ಮ ಪಡುಗಡಲಾಗಿದ್ದಿತು. ಅಲ್ಲಿ ಮಾತೂ ಊರೂ ಬದಲಾದುವು. ಕಥೆಯ ಜೀವ ಕದಲಲಿಲ್ಲ. ಕಂಪನಿ ನಾಟಕಗಳ ಕಾಲದಲ್ಲಾದರೋ ಪಾರಸೀ ಮತ್ತು ಮರಾಠಿ ರಂಗದ ಮಟ್ಟುಗಳಿಗೆ ಕನ್ನಡ ಪದಗಳನ್ನು ತುರುಕಿದ ಹಾಡುಗಳು ರಾಶಿರಾಶಿಯಾಗಿ ಬಂದುವು. ಮಟ್ಟಿನ ಉದ್ದಸ್ವರಕ್ಕೆ ಲಘು ಸಿಕ್ಕಿ ಎಳೆದಾಡಿದುದನ್ನು ಹಳೆಯ ಧ್ವನಿಮುದ್ರಿಕೆಗಳಲ್ಲಿ ಇಂದಿಗೂ ಕೇಳಬಹುದು. ನಮ್ಮ ಕಾಲದಲ್ಲಿ ರಘು ದೀಕ್ಷಿತರ ವೃಂದ ೨೦೦೮ರ ಸಂಪುಟದಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಂದಿಗೆ ಹಾಡಿದಾಗ ಹುಟ್ಟಿದ ಚರ್ಚೆಯೂ ಈ ಜಾಡಿನದೇ. ಅದನ್ನು ಬೇರೆಯಾಗಿಯೇ ಬರೆಯಬೇಕಾಗಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಶರೀಫರ ಪದದ ಏಕತಾರಿಯ ಬಡತನ ಅರ್ಥದ ಅಂಗವೆ, ಅಲ್ಲವೆ ಎಂಬುದನ್ನು ನಿಶ್ಚಯಿಸಿದ ಹೊರತು ಆ ಮರುಹಾಡಿಕೆಯನ್ನು ತೂಗಲಾಗದು ಎಂದಷ್ಟೇ ಹೇಳುತ್ತೇನೆ.

ಕಾರ್ಯಕಾರಿ ಸಮಿತಿಗಳ ಪ್ರಶ್ನೆಗೆ ಬರೋಣ. ಯಂತ್ರದ ಕುಣಿತದ ಹಾಡನ್ನು ಗಿಟಾರಿಗೆ ತಂದು ಹಾಡುವೆವೆಂದು ಬಂದ ಹುಡುಗರಿಗೆ, ಅದು ನಮ್ಮದೋ ಪರರದೋ ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಮೂರು ತಲೆಮಾರಿನಿಂದ ಪರಭಾಷೆಯ ಊರಿನಲ್ಲಿ ಇರುವವರ ಮಕ್ಕಳನ್ನು ಆ ಪ್ರಶ್ನೆ ಕೇಳುವುದು ಸಭ್ಯತೆಯೂ ಅಲ್ಲ. ಬೇರೆ ಪ್ರಶ್ನೆಗಳುಂಟು. ತಾಳಯಂತ್ರವನ್ನು ಕೈಬಿಟ್ಟು ಮನುಷ್ಯನನ್ನು ಕೂರಿಸಿದ್ದೀರಿ. ಅವನು ದಣಿಯುತ್ತಾನೆ, ದಣಿದಾಗ ಗತಿ ಓಡುತ್ತದೆ ಇಲ್ಲವೆ ಜಗ್ಗುತ್ತದೆ. ಆ ಜಗ್ಗುವಿಕೆಯಿಂದ ಹಾಡಿಗೆ ಏನಾದರೂ ಒದಗಿತೆ? ಯಂತ್ರ ಒಂದೇ ವರಸೆಯನ್ನು ಇನ್ನೂರು ಸಲ ಬೇಸರವಿಲ್ಲದೆ ನುಡಿದಾಗ ಹುಟ್ಟುವ ಮಂಪರನ್ನು ಬಿಟ್ಟುಕೊಟ್ಟಿರಿ. ಅದರ ಸ್ಥಾನದಲ್ಲಿ ಏನನ್ನು ಇಟ್ಟಿರಿ? ಮಾತಿನಲ್ಲಿ ಹೇಳದೆ ಉಳಿದುದನ್ನು ಕಂಠದಲ್ಲಿ ಹೇಳಿಬಿಟ್ಟಿರೋ? ಇವಕ್ಕೆ ಉತ್ತರ ಕೊಡಬಲ್ಲ ಹುಡುಗರನ್ನು ನಾನು ಕಂಡಿದ್ದೇನೆ. ನಿಮಿಷಕ್ಕೆ ಇಷ್ಟೇ ಬಡಿತವೆಂಬುದನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ಸಾಧನೆ ಮಾಡಿದವರು ಅವರು; ಮುಂದಿನ ಸಾಲಿನಲ್ಲಿ ಕುಳಿತು ತಾಳ ತಪ್ಪಿ ತೊಡೆ ತಟ್ಟುವವರಿಗಿಂತ ಲಯವನ್ನು ಚೆನ್ನಾಗಿ ಬಲ್ಲರು.

ನಮ್ಮ ಸಂಗೀತಶಾಲೆಗಳಾದರೋ ನೊಟ್ಟುಸ್ವರದ ವಿಷಯದಲ್ಲಿ ಇದೇ ಪರೀಕ್ಷೆಯಲ್ಲಿ ಸೋಲುತ್ತಿವೆ. ಗಾಂಧಾರಕ್ಕೆ ಕೊಂಚ ಅಲುಗು, ಮಧ್ಯಮಕ್ಕೆ ಕೊಂಚ ತೂಗು ಸೇರಿಸಿ ಮಟ್ಟನ್ನು ರಾಗದ ಕಡೆಗೆ ಒಲಿಸಿ ಹೇಳಿಕೊಡುವ ಅಭ್ಯಾಸ ಹಲವೆಡೆ ಬಂದಿದೆ. ದೀಕ್ಷಿತರು ಬಾಗಿಲ ಹೊರಗೆ ಬಿಟ್ಟುದನ್ನು ಶಿಷ್ಯಪರಂಪರೆ ಹಿತ್ತಿಲಿನಿಂದ ಒಳತಂದಂತಾಯಿತು. ಗತಿಯ ವಿಷಯದಲ್ಲಂತೂ ಇನ್ನೂ ಅನ್ಯಾಯ. ಸ್ಕಾಟ್ಲೆಂಡಿನ ರೀಲು ಕಾಲ್ಬೆರಳ ತುದಿಯ ಮೇಲೆ ಚಿಮ್ಮುವ ಕುಣಿತ; ನೆಲವನ್ನು ಮುಟ್ಟಿದ ಹಿಮ್ಮಡಿಗೆ ಅಲ್ಲಿ ಕೆಲಸವಿಲ್ಲ. ‘ಜಗದೀಶ ಗುರುಗುಹ’ವನ್ನು ಸರಳೆಯ ಮೊದಲನೆಯ ಕಾಲದಲ್ಲಿ, ಅಕ್ಷರಕ್ಕೊಂದು ತೊಡೆತಟ್ಟಿನಂತೆ, ಮಕ್ಕಳ ಸಾಲು ಎಳೆಯುವುದನ್ನು ಕೇಳಿದಾಗ ಸಂಸ್ಕೃತದ ಒತ್ತಕ್ಷರಗಳೇ ಎಡವುತ್ತವೆ, ಅವು ಕೂಡಿದ್ದು ಓಟದ ಗತಿಗೆ. ಒಮ್ಮೆ ಅದನ್ನು ದುಪ್ಪಟ್ಟು ವೇಗದಲ್ಲಿ, ಗಮಕವಿಲ್ಲದೆ, ಎರಡು ಪಿಟೀಲುಗಳ ಮೇಲೆ ನುಡಿಸಿ ಕೇಳಬೇಕು. ಆಗ ಕುಳಿತಿದ್ದ ಮಕ್ಕಳ ಕಾಲುಗಳು ಸುಮ್ಮನಿರುವುದಿಲ್ಲ.